ಕಾಗೆ ಕದ್ದ ಚಮಚ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯೋ ಕಲ್ಲಿದೆ. ಒಂದು ದಿನ ಕಾಗೆಯೊಂದು ಅಲ್ಲಿಂದ ಸ್ಟೀಲ್ ಚಮಚ ಎತ್ತಿಕೊಂಡು ಹಾರಿತು. "ಹೊಳೆಯೋದು ಕಂಡ್ರೆ ಕಾಗೆ ಬಿಡಲ್ಲ, ಗೂಡಲ್ಲಿ ಬಚ್ಚಿಡತ್ತೆ" ಅಂದರು ನಮ್ಮತ್ತೆ. ನಾನು ಹಿಂದೆಯೇ ಹೋಗಿ ನೋಡಿದೆ. ಕಾಗೆ ಹಂಚಿನ ಮೇಲೆ ಕೂತು, ಚಮಚವನ್ನು ಕಾಲಲ್ಲಿ ಅದುಮಿ ಹಿಡಿದು, ಅಂಟಿದ್ದ ಪಾಯಸ ಕುಕ್ಕಿ ತಿನ್ನುತ್ತಿತ್ತು. ಪಾಯಸ ಮುಗಿಯಿತು, ಕಾಗೆ ಹೋಯಿತು. ಚಮಚ ಜಾರಿ ಠಣ್ ಅಂತ ಅಂಗಳಕ್ಕೆ ಬಿತ್ತು. ಮಾರನೇ ದಿನ ಅದನ್ನೇ ಪಳಪಳ ಉಜ್ಜಿ, ಸುಮ್ನೆ ಕಲ್ಲಿನ ಮೇಲೆ ಇಟ್ಟು ಕಾದೆ. ಕಾಗೆ ಬಂತು, ಓರೆಗಣ್ಣಲ್ಲಿ ನೋಡಿತು, ಮುಟ್ಟಲೇ ಇಲ್ಲ.

ಯುರೋಪಿನಲ್ಲಿ ಇದೇ ಕಳ್ಳತನದ ಆರೋಪ ಮ್ಯಾಗ್‌ಪೈ ಎಂಬ ಹಕ್ಕಿಯ ಮೇಲಿದೆ. ಕಪ್ಪು ಬಿಳಿ ಬಣ್ಣದ, ಉದ್ದ ಬಾಲದ ಹಕ್ಕಿ. ಅದೂ ಕಾಗೆಯ ಬಳಗದ್ದೇ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದರು. ಕಡಲೆಬೀಜದಂಥ ತಿನಿಸಿನ ಪಕ್ಕ ಹೊಳೆಯುವ ಸ್ಕ್ರೂ, ಫಾಯಿಲ್ ಉಂಗುರ ಇಟ್ಟರು. ಕೆಲವಕ್ಕೆ ನೀಲಿ ಬಣ್ಣ ಬಳಿದು ಹೊಳಪು ತೆಗೆದರು. 64 ಸಲ ನೋಡಿದರೂ ಹಕ್ಕಿ ಹೊಳೆಯುವ ವಸ್ತು ಎತ್ತಿದ್ದು ಎರಡೇ ಸಲ. ಎತ್ತಿದ ತಕ್ಷಣ ಬಿಸಾಡಿತು. ಅಷ್ಟೇ ಅಲ್ಲ, ಆ ವಸ್ತುಗಳು ಪಕ್ಕದಲ್ಲಿದ್ದರೆ ತಿನ್ನೋದಕ್ಕೂ ಹಿಂದೆಮುಂದೆ ನೋಡಿದವು. ಪಾಪ, ಹೆದರೋ ಹಕ್ಕಿಗೆ ಕಳ್ಳ ಅನ್ನೋ ಹೆಸರು!

ಹಾಗಾದರೆ ಹೊಳಪಿಗೆ ಮರುಳಾಗುವ ಪ್ರಾಣಿಗಳೇ ಇಲ್ವಾ? ಇವೆ. ಆದರೆ ಆ ಹೊಳಪಿನಲ್ಲಿ ಅವಕ್ಕೆ ಕಾಣೋದು ಬೇರೆಯೇ. ಗಾಳಕ್ಕೆ ಕಟ್ಟಿದ ತಗಡು ನೀರಲ್ಲಿ ತಿರುಗಿ ಮಿಂಚಿದರೆ, ದೊಡ್ಡ ಮೀನಿಗೆ ಅದು ಓಡುತ್ತಿರುವ ಸಣ್ಣ ಮೀನು.

ಆಸ್ಟ್ರೇಲಿಯಾದ ಒಂದು ಜೀರುಂಡೆಯ ಕತೆ ಇನ್ನೂ ತಮಾಷೆ. ಅದರ ಹೆಣ್ಣು ದೊಡ್ಡದು, ಕಂದು ಬಣ್ಣ, ಮೈಮೇಲೆಲ್ಲ ಸಣ್ಣ ಸಣ್ಣ ಕುಳಿ. ರಸ್ತೆ ಬದಿಗೆ ಯಾರೋ ಎಸೆದ ಬಿಯರ್ ಬಾಟಲಿಯೂ ಕಂದು. ಅದರ ಬುಡದಲ್ಲೂ ಸಾಲಾಗಿ ಸಣ್ಣ ಉಬ್ಬುಗಳು. ಬಿಸಿಲು ಬಿದ್ದರೆ ಎರಡೂ ಒಂದೇ ಥರ ಮಿನುಗುತ್ತವೆ. ಗಂಡು ಬಂದು ಬಾಟಲಿಯನ್ನು ತಬ್ಬಿಕೊಂಡರೆ ಬಿಡೋದೇ ಇಲ್ಲ, ಇರುವೆ ಬಂದು ಕಚ್ಚಿದರೂ! ಗ್ವಿನ್ ಮತ್ತು ರೆಂಟ್ಜ್ ಎಂಬ ಇಬ್ಬರು ಕೀಟತಜ್ಞರು 1983ರಲ್ಲಿ ಇದನ್ನು ಬರೆದರು. ಉಬ್ಬಿಲ್ಲದ ವೈನ್ ಬಾಟಲಿಯ ಕಡೆ ಮಾತ್ರ ಗಂಡುಗಳು ಬರಲಿಲ್ಲ. ಬರೀ ಹೊಳಪು ಸಾಲದು ಅಂತಾಯಿತಲ್ಲ.

ಇಷ್ಟು ದೂರ ಯಾಕೆ ಹೋಗಬೇಕು? ಮಳೆಗಾಲ ಮುಗಿಯುವ ಹೊತ್ತಿಗೆ ಏರೋಪ್ಲೇನ್ ಚಿಟ್ಟೆಗಳನ್ನು ಗಮನಿಸಿ. ನಿಲ್ಲಿಸಿದ ಕಾರಿನ ಬಾನೆಟ್ ಮೇಲೆ ತೇಲಿ ಬಂದು, ಬಾಲದ ತುದಿಯಿಂದ ಟಕ್, ಟಕ್ ಅಂತ ಮುಟ್ಟಿ ಮೇಲೇಳುತ್ತವೆ. ಮತ್ತೆ ಬರುತ್ತವೆ, ಮತ್ತೆ ಮುಟ್ಟುತ್ತವೆ. ಅದು ಆಟವಲ್ಲ. ಅವು ಮೊಟ್ಟೆ ಇಡುತ್ತಿವೆ.

ಯಾಕೆ ಅಂದರೆ, ಕಾರು ಅವುಗಳ ಕಣ್ಣಿಗೆ ಕೆರೆ. ಒಂದು ಹಗ್ಗವನ್ನು ಗೋಡೆಗೆ ಕಟ್ಟಿ ಅಲ್ಲಾಡಿಸಿ. ಮೇಲೆ ಕೆಳಗೆ ಅಲೆ ಎಬ್ಬಿಸಬಹುದು, ಅಡ್ಡಡ್ಡವಾಗಿಯೂ ಎಬ್ಬಿಸಬಹುದು. ಬೆಳಕೂ ಹೀಗೇ ಅಲೆಯಾಗಿ ಬರುತ್ತದೆ. ಬಿಸಿಲಿನ ಬೆಳಕಿನಲ್ಲಿ ಎಲ್ಲ ಥರದ ಅಲೆಯೂ ಬೆರೆತಿರುತ್ತದೆ. ನೀರಿನ ಮೇಲೆ ಬಿದ್ದು ಪುಟಿದಾಗ ಮಾತ್ರ ಅಡ್ಡಡ್ಡ ಅಲೆಯೇ ಜಾಸ್ತಿ. ನಮ್ಮ ಕಣ್ಣಿಗೆ ಇದು ಗೊತ್ತಾಗಲ್ಲ. ನೀರಲ್ಲಿ ಮೊಟ್ಟೆ ಇಡುವ ಹುಳಗಳಿಗೆ ಇದೇ ನೀರಿನ ಗುರುತು. ನುಣುಪಾದ ಕಪ್ಪು ಬಣ್ಣವೂ ಬೆಳಕನ್ನು ಹೀಗೇ ಪುಟಿಸುತ್ತದೆ, ಕೆಲವೊಮ್ಮೆ ನೀರಿಗಿಂತಲೂ ಜೋರಾಗಿ. ಹಂಗೆರಿಯ ವಿಜ್ಞಾನಿಗಳು 1998ರಲ್ಲೇ ಇದನ್ನು ತೋರಿಸಿದರು. ಅಲ್ಲಿ ಮೇಫ್ಲೈ ಎಂಬ ಹುಳಗಳು ಪಕ್ಕದಲ್ಲೇ ಹಳ್ಳ ಹರಿಯುತ್ತಿದ್ದರೂ ಒಣ ಡಾಂಬರು ರಸ್ತೆಯ ಮೇಲೆ ಮೊಟ್ಟೆ ಸುರಿಯುತ್ತಿದ್ದವು. ರೆಕ್ಕೆ ಬಂದ ಮೇಲೆ ಕೆಲವೇ ದಿನ ಬದುಕುವ ಹುಳ ಅದು. ಇನ್ನೊಮ್ಮೆ ಇಡೋಣ ಅನ್ನೋ ಹಾಗಿಲ್ಲ.

ಸೋಲಾರ್ ಫಲಕಗಳಲ್ಲೂ ಇದೇ ತೊಂದರೆ. ಫಲಕದ ಮೇಲೆ ತೆಳ್ಳಗೆ ಬಿಳಿ ಗೆರೆಗಳನ್ನು ಎಳೆದರೆ ಹುಳಗಳು ಬರೋದು ತುಂಬ ಕಡಿಮೆಯಾಗುತ್ತದೆ. ಬಿಳಿ ಬಣ್ಣಕ್ಕೆ ನೀರಿನ ಆ ಗುರುತು ಇರಲ್ಲ. ನಮ್ಮ ಬೀದಿಯಲ್ಲಿ ಒಂದು ಕಪ್ಪು ಕಾರು, ಒಂದು ಬಿಳಿ ಕಾರು ಅಕ್ಕಪಕ್ಕ ನಿಲ್ಲುತ್ತವೆ. ಏರೋಪ್ಲೇನ್ ಚಿಟ್ಟೆಯ ಜೋಡಿಯೊಂದು ನಿನ್ನೆ ಸಂಜೆ ಬಿಳಿ ಕಾರನ್ನು ದಾಟಿ ಹೋಗಿ, ಕಪ್ಪು ಕಾರಿನ ಮೇಲೆ ಏಳು ಸಲ ಬಾಲ ಅದ್ದಿತು. ನಾನು ಎಣಿಸಿದೆ.

ನಮಸ್ಕಾರ.