ರೊಟ್ಟಿ ಹಂಗ ಇರ್ಲಿ, ಹಾಲು ಒಂದೊಂದಾಗಿ ಬಿಡ್ರಿ

ಮುಂಜಾನೆ ಏಳರ ಹೊತ್ತು, ಹುಬ್ಬಳ್ಳಿ ಜನತಾ ಬಜಾರ್. ಪುಂಡಿ ಪಲ್ಯೆದ ಸಿವುಡು, ಮೆಂತ್ಯ, ಮುಳ್ಳು ಬದನಿಕಾಯಿ. ಆ ಕಡೆ ಚೀಲದಾಗ ಮಡಕಿ ಕಾಳು, ಗುರೆಳ್ಳು, ಅಗಸಿ, ಶೇಂಗಾ. ಮನಿ ಊಟನ ವೀಗನ್ ಮಾಡೋ ಇವತ್ತಿನ ವಿಡಿಯೋಕ್ಕ ಬೇಕಾದ ಸಾಮಾನು ಬಹುತೇಕ ಇಷ್ಟರಾಗ ಬಂತ್ರಿ.

ವೀಗನ್ ಅಂದ್ರ ಮಾಂಸ, ಮೀನ, ತತ್ತಿ ಅಷ್ಟ ಅಲ್ಲ, ಹಾಲು, ಮೊಸರು, ಬೆಣ್ಣಿ, ತುಪ್ಪ, ಜೇನುತುಪ್ಪನೂ ಇಲ್ಲ. ಶಬ್ದ ಹುಟ್ಟಿದ್ದು 1944ರಾಗ, ಇಂಗ್ಲೆಂಡಿನ್ಯಾಗ. ಕೇಳಿದ ಕೂಡಲೇ ದುಬಾರಿ ಬಾದಾಮಿ ಹಾಲಿನ ಡಬ್ಬಿ ಕಣ್ಣಮುಂದ ಬರತೈತಿ. ಅದನ್ನ ಬಾಜೂಕ ಇಡ್ರಿ. ಮೊದಲ ನಿಮ್ಮ ಮನಿ ತಾಟು ನೋಡ್ರಿ.

ಜ್ವಾಳದ ರೊಟ್ಟಿ: ಹಿಟ್ಟು, ಬಿಸಿನೀರು. ಎಣಗಾಯಿ, ಮಡಕಿ ಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ (ಚಟ್ನಿಪುಡಿ), ಹಸಿ ಉಳ್ಳಾಗಡ್ಡಿ, ಒಂದು ಮೆಣಸಿನಕಾಯಿ. ಇದರಾಗ ಪ್ರಾಣಿಯಿಂದ ಬಂದಿದ್ದು ಏನೂ ಇಲ್ಲ. ಹಾಲು ಸೇರೋದು ನಾಲ್ಕು ಕಡೆ. ರೊಟ್ಟಿ ಮ್ಯಾಲಿನ ಬೆಣ್ಣಿ-ತುಪ್ಪ, ಊಟದ ಕಡಿಗಿನ ಮೊಸರು-ಮಜ್ಜಿಗಿ, ಹಬ್ಬದ ಸಿಹಿ, ಮತ್ತ ಚಹಾ. ಬಿಡೋದಾದ್ರ ಇದ ಕ್ರಮದಾಗ ಬಿಡ್ರಿ, ಒಂದೊಂದಕ್ಕ ಎರಡ ವಾರ ಕೊಟ್ಟು. ಭಾಳ ಮಂದಿ ಉಲ್ಟಾ ಮಾಡತಾರ. ಮೊದಲನೇ ದಿನಾನ ಚಹಾದಾಗಿನ ಹಾಲು ತಗೀತಾರ, ಮೂರನೇ ದಿನಕ್ಕ ತಲಿನೋವು, ಸಿಟ್ಟು, ವೀಗನ್ ಅಲ್ಲಿಗೇ ಮುಗೀತು. ಚಹಾ ಕಟ್ಟಕಡಿಗೆ.

ಆದ್ರ ಯಾವದನ್ನೂ ಬಿಡೂಕಿಂತ ಮೊದಲ ಒಂದ ಕೆಲಸ ಐತಿ. ಲ್ಯಾಬಿಗೆ ಹೋಗಿ ವಿಟಮಿನ್ ಬಿ12, ಹಿಮೋಗ್ಲೋಬಿನ್, ವಿಟಮಿನ್ ಡಿ ಮೂರೂ ತೋರಿಸಿಕೊಳ್ರಿ. ಬಿ12 ತಯಾರು ಮಾಡೋದು ಬ್ಯಾಕ್ಟೀರಿಯಾ. ಕಾಯಿಪಲ್ಯೆ, ಕಾಳಿನ್ಯಾಗ ನಂಬಿ ಕೂಡೋವಷ್ಟು ಇರಂಗಿಲ್ಲ. ಯಕೃತ್ತಿನ್ಯಾಗ ವರ್ಷಗಟ್ಲೆ ಸಾಲೋವಷ್ಟು ಕೂಡಿಟ್ಟಿರತೈತಿ, ಅದಕ್ಕ ಹಾಲು ಬಿಟ್ಟ ಮರುದಿನ ಏನೂ ಗೊತ್ತಾಗಂಗಿಲ್ಲ. ಅದ ಮೋಸ. ಮುಂದ ಎಂದೋ ಅಂಗಾಲು ಜುಮ್ ಅನ್ನೂಕ ಹತ್ತಿದಾಗ ನರಕ್ಕ ಪೆಟ್ಟು ಬಿದ್ದಿರತೈತಿ. ಬ್ರಿಟನ್ನಿನ ವೀಗನ್ ಸೊಸೈಟಿ ಹೇಳೋ ಪ್ರಮಾಣ ಹಿಂಗೈತಿ: ದಿನಕ್ಕೊಂದು ಗುಳಿಗಿ ಆದ್ರ ಕನಿಷ್ಠ 10 ಮೈಕ್ರೋಗ್ರಾಂ, ವಾರಕ್ಕೊಮ್ಮೆ ಆದ್ರ ಕನಿಷ್ಠ 2000 ಮೈಕ್ರೋಗ್ರಾಂ. ರಕ್ತದಾಗ ಈಗಾಗ್ಲೇ ಕಡಿಮಿ ಬಂದ್ರ ಈ ಪ್ರಮಾಣ ಸಾಲಂಗಿಲ್ಲ, ಡಾಕ್ಟರ್ ಬರದು ಕೊಟ್ಟಿದ್ದು ತಗೋಬೇಕು. ಸಕ್ಕರಿ ರೋಗಕ್ಕ ಮೆಟ್‌ಫಾರ್ಮಿನ್ ತಗೊಳ್ಳೋರು, ಬಸುರಿ ಹೆಣಮಕ್ಕಳು ಡಾಕ್ಟರನ್ನ ಕೇಳದ ಶುರು ಮಾಡಬ್ಯಾಡ್ರಿ. ಇನ್ನೊಂದು, ಕ್ಯಾಪ್ಸೂಲಿನ ಹೊದಿಕಿ ಎಷ್ಟೋ ಸಲ ಜೆಲಟಿನ್ ಇರತೈತಿ, ಅದು ಪ್ರಾಣಿ ಚರ್ಮ-ಎಲುವಿನಿಂದ ಬಂದಿದ್ದು. ಗುಳಿಗಿ ಕೇಳ್ರಿ.

ಈಗ ಒಂದನೇ ಮೆಟ್ಟಲು, ಬೆಣ್ಣಿ-ತುಪ್ಪ. ಇದು ಸರಳ. ಹಿಂಡಿ ನಡುವ ಗುಣಿ ಮಾಡಿ ಹಸಿ ಶೇಂಗಾ ಎಣ್ಣಿನೋ ಕುಸುಬಿ ಎಣ್ಣಿನೋ ಹಾಕ್ಕೊಂಡು ತಿನ್ನೋದು ನಮ್ಮ ಕಡೆ ಹೊಸಾದಲ್ಲ. ತಪ್ಪಾಗೋದು ಬ್ಯಾರೆ ಕಡೆ. ತುಪ್ಪ ತಗೀತಾರ, ಅದರ ಜಾಗಾಕ್ಕ ಏನೂ ಹಾಕಂಗಿಲ್ಲ, ಹನ್ನೊಂದಕ್ಕ ಹೊಟ್ಟಿ ಕರಕರ ಅಂತೈತಿ, ಬಿಸ್ಕೀಟ್ ಪುಡಿಕಿಗೆ ಕೈ ಹೋಗತೈತಿ. ಅದರಾಗ ಹಾಲಿನ ಪುಡಿ! ಹಂಗಾಗಿ ದಿನಕ್ಕ ಒಂದು ಮುಷ್ಟಿ, ಅಂದ್ರ ಸುಮಾರು 30 ಗ್ರಾಂ ಶೇಂಗಾ, ಎರಡ ಚಮಚ ಅಗಸಿ ಹಿಂಡಿ ಊಟದಾಗ ಖಾಯಂ ಮಾಡ್ರಿ. ಅಗಸಿ ಪುಡಿ ಮಾಡೇ ತಿನ್ರಿ. ಇಡೀ ಕಾಳು ಹೆಂಗ ಒಳಗ ಹೋಗತೈತಿ ಹಂಗ ಹೊರಗ ಬರತೈತಿ.

ಪ್ರೊಟೀನ್ ಎಲ್ಲಿಂದ ಅಂತ ಕೇಳಿಯೇ ಕೇಳತಾರ. ಜ್ವಾಳದಾಗ ಲೈಸಿನ್ ಅನ್ನೋ ಅಮೈನೋ ಆಮ್ಲ ಕಡಿಮಿ, ಬ್ಯಾಳಿ-ಕಾಳಿನ್ಯಾಗ ಅದು ಧಾರಾಳ. ರೊಟ್ಟಿಗೆ ಕಾಳಿನ ಪಲ್ಯ ಹಚ್ಚಿಕೊಂಡ್ರ ಜೋಡಿ ಕೂಡತೈತಿ. ಹೊತ್ತೂಟಕ್ಕ ಒಂದು ಬಟ್ಟಲ ಕಾಳು ತಪ್ಪಬಾರದು. ಆದ್ರ ಒಮ್ಮೆಲೇ ಎರಡು ಪಟ್ಟು ಮಾಡಿದ್ರ ಹೊಟ್ಟಿ ಉಬ್ಬರಿಸತೈತಿ. ಹೆಸರು, ಮಡಕಿಯಿಂದ ಶುರು ಮಾಡ್ರಿ, ನೆನಸಿದ ನೀರು ಚೆಲ್ರಿ, ಮೊಳಕಿ ಬರಸ್ರಿ. ಕಡ್ಲಿ, ಅವರಿ ಆಮ್ಯಾಲ.

ವಾರಕ್ಕೊಮ್ಮೆ ಮಾಂಸದೂಟಕ್ಕ ಸಾವಜಿ ಖಾನಾವಳಿ ದಾರಿ ಹಿಡಿಯೋರಿಗೆ ಒಂದು ಮಾತು. ಆ ಖಾರದ ಜೀವ ಇರೋದು ಮಸಾಲಿಯೊಳಗ. ಅದ ಮಸಾಲಿಗೆ ಸೋಯಾ ಚಂಕ್ಸ್ ಹಾಕ್ರಿ. ಒಣ ಚಂಕ್ಸ್ 50 ಗ್ರಾಂ ಅಂದ್ರ ಸುಮಾರು 25 ಗ್ರಾಂ ಪ್ರೊಟೀನ್. ಉಪ್ಪಿನ ಬಿಸಿನೀರಿನ್ಯಾಗ ಹತ್ತು ನಿಮಿಷ ನೆನಸಿ, ಗಟ್ಟಿ ಹಿಂಡಿ, ತಣ್ಣೀರಿನ್ಯಾಗ ತೊಳದು ಮತ್ತೊಮ್ಮೆ ಹಿಂಡ್ರಿ. ಒಂದ ಸಲ ಹಿಂಡಿ ಬಿಟ್ರ ಆ ಹಸಿ ವಾಸನಿ ನೀರು ರಸದಾಗ ಇಳೀತೈತಿ, ಇಡೀ ಗಡಿಗಿ ಕೆಡತೈತಿ.

ಎರಡನೇ ಮೆಟ್ಟಲು ಮೊಸರು. ಕ್ಯಾಮೆರಾ ಹತ್ತರ ತರೂಣು, ಇದನ್ನ ಕಣ್ಣಿಟ್ಟು ನೋಡಬೇಕು.

ಒಂದು ಬಟ್ಟಲ ಹಸಿ ಶೇಂಗಾ, ಸುಮಾರು 150 ಗ್ರಾಂ. ಎಂಟು ತಾಸು ನೆನೀಲಿ. ಅಂಗೈಯಾಗ ತಿಕ್ಕಿ ಸಿಪ್ಪಿ ತಗೀರಿ, ಸಿಪ್ಪಿ ಉಳದ್ರ ಮೊಸರಿಗೆ ಒಗರು ಬರತೈತಿ. ಮೂರು ಬಟ್ಟಲ ನೀರು. ಒಂದು ಬಟ್ಟಲ ಹಾಕಿ ನುಣ್ಣಗ ರುಬ್ಬಿ, ಉಳಿದ ನೀರು ಕೂಡಿಸಿ ತೆಳ್ಳನ ಅರಿವಿಯೊಳಗ ಹಿಂಡ್ರಿ. ಈಗ ದಪ್ಪ ತಳದ ಬೋಗಣಿ, ಸಣ್ಣ ಉರಿ, ಹತ್ತು ನಿಮಿಷ. ಕೈ ಬಿಡಬ್ಯಾಡ್ರಿ, ಶೇಂಗಾ ಹಾಲು ತಳ ಹಿಡಿಯೋದು ಎಮ್ಮಿ ಹಾಲಿಗಿಂತ ಜಲ್ದಿ.

ಬೆರಳು ಅದ್ದಿದ್ರ ಬೆಚ್ಚಗ ಅನ್ಸಬೇಕು, ಸುಡಬಾರದು. ಆಗ ಹೆಪ್ಪು. ಮೊದಲ ಸಲ ವೀಗನ್ ಹೆಪ್ಪು ಎಲ್ಲಿಂದ ತರೋದು? ಹಸಿಮೆಣಸಿನಕಾಯಿ ತೊಟ್ಟು. ಟೋಪಿ ಸಮೇತ ಎಂಟ್ಹತ್ತು ತೊಟ್ಟು ತೊಳದು ಹಾಲಿನ್ಯಾಗ ಮುಳಗಸ್ರಿ. ಹುಳಿ ಹಿಡಸೋ ಬ್ಯಾಕ್ಟೀರಿಯಾ ಆ ತೊಟ್ಟಿನ ಮ್ಯಾಲ ಇರತಾವು. ಮುಚ್ಚಿ ಹತ್ತರಿಂದ ಹನ್ನೆರಡು ತಾಸು ಅಲುಗಾಡಸದ ಇಡ್ರಿ. ಧಾರವಾಡದ ಡಿಸೆಂಬರ್ ಥಂಡ್ಯಾಗ ಅಷ್ಟಕ್ಕ ಆಗಂಗಿಲ್ಲ, ದಪ್ಪ ಚಾದರ ಸುತ್ತಿ ಡಬ್ಬಿಯೊಳಗ ಇಟ್ಟು ಇನ್ನೂ ನಾಲ್ಕು ತಾಸು ಬಿಡ್ರಿ.

ಮೊದಲ ಮೊಸರು ಜರಾ ನೀರ್ನೀರ, ವಾಸನಿನೂ ಜರಾ ಖಾರ. ಹೆದರಬ್ಯಾಡ್ರಿ. ಅದರಾಗಿನ ಎರಡು ಚಮಚ ತಗೊಂಡು ಎರಡನೇ ಸಲ ಹಾಕ್ರಿ, ಆಗ ಗಟ್ಟಿ ಕೂಡತೈತಿ. ಹೆಪ್ಪೇ ಆಗಲಿಲ್ಲ ಅಂದ್ರ ಹಾಲು ಭಾಳ ಬಿಸಿ ಇತ್ತು. ಮ್ಯಾಲ ನೀರು ಬ್ಯಾರೆ ಆದ್ರ ಹೊತ್ತು ಜಾಸ್ತಿ ಆತು, ಇಲ್ಲ ಹಾಲು ತೆಳ್ಳಗಿತ್ತು, ಕಡದು ಮಜ್ಜಿಗಿ ಮಾಡ್ರಿ. ಲೋಳಿ ಲೋಳಿ ಆದ್ರ, ಗುಲಾಬಿ ಅಥವಾ ಕರಿ ಚುಕ್ಕಿ ಕಂಡ್ರ ಚೆಲ್ರಿ, ಅದರಾಗ ಉಳತಾಯ ನೋಡಬ್ಯಾಡ್ರಿ. ಬುತ್ತಿಗೆ ಈ ಮೊಸರು ಬೆಸ್ಟ್. ಒಗ್ಗರಣಿ ಆರಿಸಿ ಹಾಕ್ರಿ, ಕುದ್ಯೂಕ ಮಾತ್ರ ಇಡಬ್ಯಾಡ್ರಿ, ಒಡೀತೈತಿ.

ಒಂದು ಲೆಕ್ಕ ಮರೀಬ್ಯಾಡ್ರಿ. ಹಾಲಿನ ಮೊಸರಿನ ಕ್ಯಾಲ್ಸಿಯಂ ಶೇಂಗಾ ಮೊಸರಿನ್ಯಾಗ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರ ಪಟ್ಟಿ ಪ್ರಕಾರ ದೊಡ್ಡವರಿಗೆ ದಿನಕ್ಕ 1000 ಮಿಲಿಗ್ರಾಂ ಬೇಕು. ರಾಗಿ 100 ಗ್ರಾಮಿಗೆ ಸುಮಾರು 350 ಕೊಡತೈತಿ. ನಮ್ಮ ಕಡೆ ರಾಗಿ ರೂಢಿ ಕಡಿಮಿ, ಮುಂಜಾನೆ ಒಂದು ಗಂಜಿ ಮಾಡಿಕೊಂಡ್ರ ಚೊಲೊ. ಜೋಡಿಗೆ ಎಳ್ಳು, ನುಗ್ಗಿ ಸೊಪ್ಪು, ಮೆಂತ್ಯ. ಪಾಲಕದಾಗ ಕ್ಯಾಲ್ಸಿಯಂ ಐತಿ, ಖರೆ, ಆದ್ರ ಆಕ್ಸಲೇಟ್ ಅನ್ನೋ ಅಂಶ ಅದನ್ನ ಕಟ್ಟಿ ಹಾಕಿರತೈತಿ, ಮೈಗೆ ಹತ್ತೋದು ಸ್ವಲ್ಪ. ಕಾಳು-ಸೊಪ್ಪಿನ್ಯಾಗಿನ ಕಬ್ಬಿಣದ ಅಂಶನೂ ಹಂಗ, ಮೈಗೆ ಹತ್ತೋದು ಕಡಿಮಿ. ಅದಕ್ಕ ಊಟದ ಮ್ಯಾಲ ಒಂದು ಹೋಳು ಲಿಂಬಿ ಹಿಂಡ್ರಿ, ಚಹಾ ಒಂದು ತಾಸು ಬಿಟ್ಟು ಕುಡೀರಿ.

ಮೂರನೇದು ಸಿಹಿ. ಶೇಂಗಾ ಹೋಳಿಗಿ, ಎಳ್ಳ ಹೋಳಿಗಿ ಎಣ್ಣಿಯಾಗ ಬೇಯಿಸಿದ್ರ ಆತು. ಮಾದಲಿಗೆ ಹಾಲು ಬೇಕಂದ್ರ ಹಳೇ ಅಡಗಿಮನಿಯಾಗ ಉತ್ತರ ಐತಿ: ಕುಸುಬಿ ಹಾಲು. ಗದಗ, ನವಲಗುಂದದ ಎರಿ ಹೊಲದಾಗ ಹಿಂಗಾರಿಗೆ ಬೆಳಿಯೋ ಕುಸುಬಿ ಕಾಳು ರಾತ್ರಿ ನೆನಸಿ, ಬೆಚ್ಚನ ನೀರು ಹಾಕಿ ರುಬ್ಬಿ, ಎರಡು ಸಲ ಸೋಸ್ರಿ. ಸಿಪ್ಪಿ ಗಟ್ಟಿ, ಒಂದ ಸಲಕ್ಕ ಗಂಟಲಿಗೆ ಹತ್ತತೈತಿ. ಕುಸುಬಿ ಹುಗ್ಗಿ ಮಾಡೋ ಅಜ್ಜಿಯಂದಿರಿಗೆ ಇದು ಹೇಳಿಕೊಡೋ ಮಾತಲ್ಲ. ಬೆಲ್ಲ ಒಲಿ ಆರಿಸಿದ ಮ್ಯಾಲ ಹಾಕ್ರಿ, ಕುದಿಯೋವಾಗ ಹಾಕಿದ್ರ ಒಡಿಯೋ ಸಂಭವ ಜಾಸ್ತಿ. ಧಾರವಾಡ ಪೇಢಾಕ್ಕ ಮಾತ್ರ ಬದಲಿ ಇಲ್ಲ. ಹಾಲು ಕಾಸಿ ಕಾಸಿ ಕಂದು ಬಣ್ಣಕ್ಕ ತಂದಾಗ ಹುಟ್ಟೋ ರುಚಿ ಅದು. ಗೋಡಂಬಿ ಹಾಕಿ ಮಾಡಿದ್ದಕ್ಕ ಬ್ಯಾರೆ ಹೆಸರು ಇಟ್ಟುಕೊಂಡ್ರ ಚೊಲೊ.

ಹೊರಗ ತಿನ್ನೂವಾಗ? ಹುಬ್ಬಳ್ಳಿ ದುರ್ಗದಬೈಲಿನ ಗಿರ್ಮಿಟ್, ಮಿರ್ಚಿ ಭಜಿಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಶಿರಾ, ಉಪ್ಪಿಟ್ಟಿಗೆ ತುಪ್ಪ, ಕೊಬ್ಬರಿ ಚಟ್ನಿಗೆ ಮೊಸರು, ತಾಲಿಪಟ್ಟಿನ ಹಿಟ್ಟಿಗೆ ಮಜ್ಜಿಗಿ, ಇವನ್ನ ಕೇಳೇ ತಿನ್ರಿ. “ವೀಗನ್ರಿ” ಅಂದ್ರ ಖಾನಾವಳಿಯಾಗ ಮಾರಿ ಮಾರಿ ನೋಡತಾರ. “ಕಾಕಾ, ಹಾಲು-ತುಪ್ಪ-ಮಸರು ಏನೂ ಬ್ಯಾಡ್ರಿ” ಅನ್ರಿ, ತಿಳೀತೈತಿ. ಪುಡಿಕಿ ಮ್ಯಾಲಿನ ಹಸಿರು ಚುಕ್ಕಿ ನೋಡಿ ಮೋಸ ಹೋಗಬ್ಯಾಡ್ರಿ, ಅದರಾಗ ಹಾಲು ಇರಬಹುದು. 2022ರ ನಿಯಮದಾಗ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆದ ಎಫ್‌ಎಸ್‌ಎಸ್‌ಎಐ ವೀಗನ್‌ಗೆ ಬ್ಯಾರೆನೇ ಗುರುತು ತಂದೈತಿ, ಎಲಿ ಇರೋ ಹಸಿರು ವಿ ಅಕ್ಷರ. ಅದು ಕಾಣದಿದ್ರ ಹಿಂದ ತಿರುವಿ ಮಿಲ್ಕ್ ಸಾಲಿಡ್ಸ್, ವೇ, ಕೇಸಿನ್ ಹುಡಕ್ರಿ, ಮೂರೂ ಹಾಲಿನಿಂದ ಬಂದವು.

ಈಗ ನಾಲ್ಕನೇದು, ಚಹಾ. ಅದಕ್ಕ ಸೋಯಾ ಹಾಲು ಮಾಡೂಣು. ಧಾರವಾಡ ಸೀಮಿಯೊಳಗ ಮುಂಗಾರಿಗೆ ಸೋಯಾ ಅವರಿ ಹೊಲಕ್ಕ ಕಮ್ಮಿ ಇಲ್ಲ, ಇಲ್ಲಿನ ಕೃಷಿ ವಿಶ್ವವಿದ್ಯಾಲಯ ಡಿಎಸ್‌ಬಿ 21 ಅಂತ ತುಕ್ಕು ರೋಗ ತಡಿಯೋ ತಳಿನೂ ಕೊಟ್ಟೈತಿ. ಆದ್ರ ಅಡಗಿಮನಿಗೆ ಅದು ಬರೋದು ಅಪರೂಪ, ಯಾಕಂದ್ರ ಹಸಿ ವಾಸನಿ. ಆ ವಾಸನಿ ಕಾಳಿನ್ಯಾಗ ಮೊದಲ ಇರಂಗಿಲ್ಲ. ತಣ್ಣೀರು ಹಾಕಿ ರುಬ್ಬಿದ ಕೂಡಲೇ ಒಂದು ಕಿಣ್ವ ಎದ್ದು ಅದನ್ನ ಹುಟ್ಟಸತೈತಿ. ಅದಕ್ಕ ರುಬ್ಬೂಕಿಂತ ಮೊದಲ ಕಿಣ್ವ ಕೊಲ್ಲಬೇಕು. 150 ಗ್ರಾಂ ಸೋಯಾ ರಾತ್ರಿ ನೆನಸಿ, ಸಿಪ್ಪಿ ತಿಕ್ಕಿ ತಗದು, ಕುದಿಯೋ ನೀರಿಗೆ ಹಾಕಿ ಐದು ನಿಮಿಷ ಬಿಟ್ಟು, ಆ ನೀರು ಚೆಲ್ಲಿ, ಬಿಸಿನೀರಿನ್ಯಾಗ ರುಬ್ರಿ. ಮಿಕ್ಸರ್ ಪೂರ್ತಿ ತುಂಬಬ್ಯಾಡ್ರಿ, ಉಗಿಗೆ ಮುಚ್ಚಳ ಹಾರತೈತಿ. ಒಟ್ಟು ನೀರು ಒಂದೂಕಾಲು ಲೀಟರ್. ಸೋಸಿ, ದೊಡ್ಡ ಬೋಗಣಿಯಾಗ ಇಪ್ಪತ್ತು ನಿಮಿಷ ಸಣ್ಣಗ ಕುದಸ್ರಿ. ಬುರುಗು ಉಕ್ಕಿ ಬಂತಂದ್ರ ಕುದೀತು ಅಂತ ತಿಳೀಬ್ಯಾಡ್ರಿ, ಅದು ಸುಳ್ಳು ಉಕ್ಕು. ಅರೆಬರೆ ಕುದಿಸಿದ್ದು ಕುಡದ್ರ ಹೊಟ್ಟಿ ಕೆಡತೈತಿ. ಸೋಸಿ ಉಳದ ಚರಟ ತಾಲಿಪಟ್ಟಿಗೆ ಹೋಗ್ಲಿ.

ಚಹಾದಾಗ ಒಡಿಯೋದಕ್ಕ ಕಾರಣ ಎರಡು: ಚಹಾದ ಹುಳಿ ಗುಣ, ಮತ್ತ ಹಸಿಶುಂಠಿ. ಶುಂಠಿ ಮೊದಲ ನೀರಿನ್ಯಾಗ ಐದು ನಿಮಿಷ ಕುದೀಲಿ, ಆಮ್ಯಾಲ ಪುಡಿ, ಸಕ್ಕರಿ. ಒಲಿ ಆರಿಸಿ ಸೋಸಿ, ಅರ್ಧ ನಿಮಿಷ ತಡದು, ಬ್ಯಾರೆ ಬೋಗಣಿಯಾಗ ಬಿಸಿ ಮಾಡಿದ ಸೋಯಾ ಹಾಲಿಗೆ ಚಹಾ ಸುರೀರಿ. ಚಹಾಕ್ಕ ತಣ್ಣನ ಹಾಲು ಅಲ್ಲ. ಕೂಡಿಸಿದ ಮ್ಯಾಲ ಮತ್ತ ಕುದಸಬ್ಯಾಡ್ರಿ.

ಮೊದಲ ನಾಲ್ಕು ದಿನ ಮೂರು ಪಾಲು ಎಮ್ಮಿ ಹಾಲು, ಒಂದು ಪಾಲು ಸೋಯಾ. ಮುಂದಿನ ನಾಲ್ಕು ದಿನ ಅರ್ಧಕ್ಕರ್ಧ. ಆಮ್ಯಾಲ ಉಲ್ಟಾ, ಒಂದಕ್ಕ ಮೂರು. ನಡುವ ಯಾವದಾದ್ರೂ ದಿನ ನಾಲಿಗಿ ಒಪ್ಪಲಿಲ್ಲಂದ್ರ ಅದ ಪಾಲಿನ್ಯಾಗ ಇನ್ನೂ ನಾಲ್ಕು ದಿನ ನಿಂದ್ರಿರಿ.