ಗೊತ್ತಿರೋದು ಒಂದು, ಗೊತ್ತಿಲ್ಲದ್ದು ಒಂದು

ಕೇಳುಗರಿಗೆ ನಮಸ್ಕಾರ. ಹಳೇ ಗ್ರಾಮಫೋನ್ ಪ್ಲೇಟು ಕೂಡಿಹಾಕುವ ಹುಚ್ಚಿನ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಈ ಹೊತ್ತಿನಲ್ಲಿ ಯಾರು ಕೇಳುತ್ತಿದ್ದೀರಿ ಅಂತ ನನಗೆ ಅಂದಾಜಿದೆ. ತಾತನ ಟ್ರಂಕು ಅಟ್ಟದ ಮೇಲಿದೆ, ಮಾರಿಬಿಡೋಣವಾ ಅಂತ ಯೋಚಿಸುತ್ತಿರುವವರು ಒಂದಷ್ಟು ಜನ. ಹೊಸದಾಗಿ ಪ್ಲೇಯರ್ ತಂದು, ಮುಂದೇನು ಅಂತ ಕೂತಿರುವ ಹುಡುಗ ಹುಡುಗಿಯರು ಇನ್ನೊಂದಷ್ಟು. ಎಲ್ಲರಿಗೂ ನನ್ನದು ಒಂದೇ ಮಾತು. ಅಂಗಡಿಗೆ ಹೋದಾಗಲೆಲ್ಲ ಗೊತ್ತಿರುವುದು ಒಂದು ತನ್ನಿ, ಗೊತ್ತಿಲ್ಲದ್ದು ಒಂದು ತನ್ನಿ.

ಸಿಕ್ಕವರೆಲ್ಲ ನನ್ನನ್ನು ಕೇಳುವುದು ಬೇರೆಯದನ್ನೇ. "ಇದಕ್ಕೆ ರೇಟ್ ಎಷ್ಟು ಬರುತ್ತೆ ಸಾರ್?" ಅಂತ. ಮೊದಲು ಹಾಕಿ ಕೇಳ್ರಪ್ಪಾ, ಆಮೇಲೆ ರೇಟಿನ ಮಾತು.

ಮೊದಲು ಎರಡು ಜಾತಿ ತಿಳಿದುಕೊಳ್ಳಿ. ಎತ್ತಿದರೆ ಭಾರ, ಕೈ ಜಾರಿದರೆ ಚೂರು, ಅದು ಹಳೇ ಪ್ಲೇಟು. ಅರಗು ಹಾಕಿ ಮಾಡಿದ್ದು. ನಿಮಿಷಕ್ಕೆ 78 ಸುತ್ತು, ಒಂದು ಬದಿಗೆ ಮೂರು ನಿಮಿಷದ ಹಾಡು. ಸ್ವಲ್ಪ ಬಳುಕುವುದು ವಿನೈಲ್. ಎಲ್‌ಪಿ ಅಂತೀವಲ್ಲ, ಅದು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ತಂದದ್ದು. ನಿಧಾನವಾಗಿ ಸುತ್ತುತ್ತೆ, ಒಂದು ಬದಿಗೆ ಇಪ್ಪತ್ತು ನಿಮಿಷ ದಾಟುತ್ತೆ.

ಮೂರು ನಿಮಿಷದಲ್ಲಿ ಏನು ಹಾಡೋಕಾಗುತ್ತೆ ಅಂತೀರಾ? ಗೌಹರ್ ಜಾನ್ ಅವರನ್ನು ಕೇಳಿ. 1902ರಲ್ಲಿ ಕಲ್ಕತ್ತದಲ್ಲಿ ಹಾಡಿ ಮುಗಿಸಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಕೂಗಿ ಹೇಳುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಹಾಡಿದ್ದು ಯಾರು ಅಂತ ಅಲ್ಲಿಯವರಿಗೆ ಗೊತ್ತಾಗಬೇಕಲ್ಲ! ಆಕೆ ಕೊನೆಗೆ ನಮ್ಮ ಮೈಸೂರಿಗೆ ಅರಮನೆಯ ಗಾಯಕಿಯಾಗಿ ಬಂದರು. 1930ರಲ್ಲಿ ತೀರಿಕೊಂಡದ್ದೂ ಅಲ್ಲೇ.

ಈಗ ಒಂದು ಕಥೆ ಹೇಳಲೇಬೇಕು. ಬೆಂಗಳೂರಿನಲ್ಲಿ ಒಂದು ಹಳೇ ಮನೆ ಕೆಡವುತ್ತಿದ್ದರು. ಅಲ್ಲಿ ಚೌಡಯ್ಯನವರ ಪಿಟೀಲಿನ ಪ್ಲೇಟು ಇದೆ ಅಂತ ಸುದ್ದಿ ಬಂತು, ಓಡಿದೆ. ಮನೆಯವರು ಖಡಾಖಂಡಿತವಾಗಿ ಹೇಳಿದರು: "ಆರಿಸೋ ಹಾಗಿಲ್ಲ. ತಗೊಂಡ್ರೆ ಟ್ರಂಕು ಪೂರ್ತಿ ತಗೊಳ್ಳಿ." ನನಗೆ ಉರಿದು ಹೋಯಿತು. ಆದರೂ ಕೆದಕಿದೆ. ಹರಿಕಥೆ ಇತ್ತು. ಹವಾಯಿಯನ್ ಗಿಟಾರ್ ಇತ್ತು. ಇಂಗ್ಲಿಷ್ ಕಲಿಸುವ ಲಿಂಗ್ವಾಫೋನ್ ಪ್ಲೇಟುಗಳಿದ್ದವು. ತಳದಲ್ಲಿ ಕಂದು ಕಾಗದದ ಕವರುಗಳಲ್ಲಿ ಒಂದು ಕಂಪನಿ ನಾಟಕದ ಸೆಟ್ಟು. ಬದಿಗೆ ಮೂರೇ ನಿಮಿಷ ಅಲ್ವಾ, ಹಾಗಾಗಿ ಒಂದು ನಾಟಕಕ್ಕೆ ಒಂದು ಕಟ್ಟು ಪ್ಲೇಟು ಬೇಕು. ಇದರಲ್ಲಿ ಮೂರನೆಯದು ಇರಲಿಲ್ಲ.

ಸರಿ, ಕೇಳಿಯೇ ಬಿಡೋಣ ಅಂತ ಹಜಾರದಲ್ಲೇ ನನ್ನ ಗ್ರಾಮಫೋನ್ ಪೆಟ್ಟಿಗೆಗೆ ಕೀ ಕೊಟ್ಟೆ. ಮೊದಲನೆಯದು ಆಯಿತು, ಎರಡನೆಯದು ಆಯಿತು. ನಾಲ್ಕನೆಯದನ್ನು ಇಡಲು ಹೋದೆ. ಮೂಲೆಯ ಬೆತ್ತದ ಕುರ್ಚಿಯಿಂದ ಮನೆಯ ಅಜ್ಜಿ, "ತಡಿಯಪ್ಪ, ಮೂರನೇದು ಆಗ್ಲಿ" ಅಂದರು. ಅಂದವರೇ ಶುರು ಮಾಡಿದರು. ರಾಜನ ಮಾತಿಗೆ ಗಂಟಲು ದಪ್ಪ ಮಾಡಿ, ಸೇವಕಿಯ ಮಾತಿಗೆ ಮೂಗಿನಲ್ಲಿ ರಾಗ ಎಳೆದು! ನಡುವೆ ಒಂದು ಕಂದಪದ್ಯ. ಅರ್ಧ ಸಾಲಿಗೆ ಗಕ್ಕನೆ ನಿಲ್ಲಿಸಿ, "ಇಲ್ಲಿ ಪ್ಲೇಟು ತಿರುಗಿಸ್ಬೇಕು" ಅಂದರು. ಒಂದು ಗಳಿಗೆ ಸುಮ್ಮನಿದ್ದು ಉಳಿದರ್ಧ ಹಾಡಿದರು. ಮಗ ಬಾಯಿಬಿಟ್ಟು ನೋಡುತ್ತಿದ್ದರು. ಆ ಪ್ಲೇಟು ಎಲ್ಲಿ ಹೋಯಿತು ಅಂತ ಕೇಳಿದೆ. ಅಜ್ಜಿ ಮಗನ ಕಡೆ ಬೆರಳು ತೋರಿಸಿ, "ಇವನೇ, ಮೂರು ವರ್ಷದವನಿದ್ದಾಗ, ಅದರ ಮೇಲೆ ಕೂತ" ಅಂದರು.

ಚೌಡಯ್ಯನವರ ಪ್ಲೇಟು ಸೀಳು ಬಿಟ್ಟಿತ್ತು, ಸುತ್ತಿಗೊಂದು ಸಲ ಟಕ್ ಅನ್ನುತ್ತೆ. ನಾನು ಜಾಸ್ತಿ ಹಾಕುವುದು ಆ ನಾಟಕವನ್ನೇ. ಬೇಕಾಗಿದ್ದದ್ದನ್ನು ಮಾತ್ರ ತಂದಿದ್ದರೆ ಅದು ನನಗೆಲ್ಲಿ ಸಿಗುತ್ತಿತ್ತು? ಅದಕ್ಕೇ ಹೇಳೋದು, ಗೊತ್ತಿಲ್ಲದ್ದು ಒಂದು ತನ್ನಿ.

ಜಯಚಾಮರಾಜ ಒಡೆಯರ ಬಗ್ಗೆ ಹೇಳಬೇಕು ಅಂತಿದ್ದೆ, ಹೊತ್ತಾಗುತ್ತಿದೆ. ಸ್ವತಃ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದ ಮಹಾರಾಜರು ಅವರು. ಲಂಡನ್ನಿನಲ್ಲಿ ನೆಲೆಸಿದ್ದ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಪಿಯಾನೋ ರೆಕಾರ್ಡುಗಳಿಗೆ ಇಲ್ಲಿಂದ ದುಡ್ಡು ಕೊಟ್ಟರು. ಇಂದಿಗೂ ಆತ ತನ್ನ ರಚನೆಗಳನ್ನು ತಾನೇ ನುಡಿಸಿದ್ದು ಕೇಳಲು ಸಿಗುತ್ತಿದ್ದರೆ, ಅದರಲ್ಲಿ ಮೈಸೂರಿನ ಪಾಲು ದೊಡ್ಡದು. ಕರ್ನಾಟಕ ಸಂಗೀತ ಬಲ್ಲ ಕಿವಿಗೆ ಪಿಯಾನೋ ಬೇಡವಾಗಲಿಲ್ಲ. ನಿಮಗ್ಯಾಕೆ ಬೇಡ?

ಇನ್ನು ಬೇಗ ಬೇಗ ಹೇಳಿಬಿಡುತ್ತೇನೆ. 78ರ ಪ್ಲೇಟನ್ನು ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಕರಗುತ್ತೆ. ಎಲ್‌ಪಿಯ ಮುಳ್ಳಿನಿಂದ 78 ನುಡಿಸಬೇಡಿ, ಅದರ ಗೆರೆ ಅಗಲ, ಮುಳ್ಳು ಬೇರೆಯೇ ಬೇಕು. ಒಂದರ ಮೇಲೊಂದು ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿ. ಬಿಸಿಲು ಬೀಳುವ ಕಿಟಕಿ ಹತ್ತಿರ ಇಟ್ಟರೆ ಎಲ್‌ಪಿ ಸೊಟ್ಟಗಾಗುತ್ತೆ. ಮಲೆನಾಡಿನವರು ಮಳೆಗಾಲ ಮುಗಿದ ಮೇಲೆ ಒಂದೊಂದನ್ನೂ ತೆಗೆದು ನೋಡಿ, ಬೂಸ್ಟು ಬಂದಿರುತ್ತೆ.

ಈ ಭಾನುವಾರ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿಗೆ ಹೋಗುವವರಿದ್ದರೆ ಬೆಳಗ್ಗೆ ಬೇಗ ಹೋಗಿ. ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಉಗುರಿಗೆ ತಗಲುವಂಥ ಗೀರಿದ್ದರೆ ಬಿಡಿ. ಬರೀ ಧೂಳಾಗಿದ್ದರೆ, ಹೆಸರು ಗೊತ್ತಿಲ್ಲದಿದ್ದರೂ ತಗೊಳ್ಳಿ. ನಮಸ್ಕಾರ.