ಜಠರದ ಕ್ಯಾನ್ಸರಿಗೆ ಜೋಡಿ ಇಮ್ಯುನೊಥೆರಪಿ: ಒಂದು ಪರೀಕ್ಷೆಯ ಕಥೆ

ಕೇಳುಗರಿಗೆ ನಮಸ್ಕಾರ.

ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗದಷ್ಟು ಹರಡಿದ ಜಠರದ ಕ್ಯಾನ್ಸರಿಗೆ ಬಹುಕಾಲ ಕಿಮೋಥೆರಪಿಯೇ ಮುಖ್ಯ ಆಸರೆಯಾಗಿತ್ತು. ಅದನ್ನು ಬಿಟ್ಟು, ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎತ್ತಿಕಟ್ಟಬಹುದೇ ಎಂಬ ಪ್ರಶ್ನೆಗೆ ಚೆಕ್‌ಮೇಟ್-649 ಎಂಬ ಬಹುರಾಷ್ಟ್ರೀಯ ಔಷಧ ಪರೀಕ್ಷೆ ಕೊಟ್ಟ ಉತ್ತರ ಸರಳವಾದುದಲ್ಲ.

ರೋಗದ ವಿರುದ್ಧ ಹೋರಾಡುವ ನಮ್ಮ ಟಿ-ಜೀವಕೋಶಗಳು ಮಿತಿಮೀರಿ ದಾಳಿ ಮಾಡದಂತೆ ಅವುಗಳಲ್ಲಿಯೇ ಬ್ರೇಕುಗಳಂತಹ ಪ್ರೋಟೀನುಗಳಿವೆ. ಅವುಗಳ ಪೈಕಿ ಸಿಟಿಎಲ್‌ಎ-4 ಮತ್ತು ಪಿಡಿ-1 ಕುರಿತ ಸಂಶೋಧನೆಗಾಗಿ ಜೇಮ್ಸ್ ಆಲಿಸನ್ ಹಾಗೂ ತಸುಕು ಹೊಂಜೊ 2018ರ ನೊಬೆಲ್ ಪಡೆದರು. ಇಪಿಲಿಮುಮಾಬ್ ಎಂಬ ಔಷಧ ಮೊದಲನೆಯದನ್ನು, ನಿವೊಲುಮಾಬ್ ಎಂಬುದು ಎರಡನೆಯದನ್ನು ತಡೆಯುತ್ತದೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಈ ಜೋಡಿ ಫಲ ಕೊಟ್ಟಿದ್ದರಿಂದ ಜಠರದಲ್ಲಿಯೂ ಆಸೆ ಹುಟ್ಟಿದ್ದು ಸಹಜ.

ಪರೀಕ್ಷೆಯಲ್ಲಿ ಒಂದು ಗುಂಪಿಗೆ ಕಿಮೋಥೆರಪಿ ಮಾತ್ರ, ಇನ್ನೊಂದಕ್ಕೆ ಕಿಮೋಥೆರಪಿಯೊಡನೆ ನಿವೊಲುಮಾಬ್, ಮತ್ತೊಂದಕ್ಕೆ ಕಿಮೋಥೆರಪಿಯೇ ಇಲ್ಲದೆ ಎರಡು ಇಮ್ಯುನೊಥೆರಪಿ ಔಷಧಗಳು. ಆರಂಭದಲ್ಲಿಯೇ ಸಾವು ಮತ್ತು ಅಡ್ಡಪರಿಣಾಮಗಳು ಹೆಚ್ಚಾಗಿ ಕಂಡದ್ದರಿಂದ, ಸ್ವತಂತ್ರ ಮೇಲ್ವಿಚಾರಣಾ ಸಮಿತಿಯ ಸಲಹೆಯಂತೆ 2018ರಲ್ಲಿ ಮೂರನೆಯ ಗುಂಪಿಗೆ ಹೊಸಬರ ಸೇರ್ಪಡೆಯನ್ನು ನಿಲ್ಲಿಸಲಾಯಿತು. ಪಿಡಿ-1 ಬ್ರೇಕನ್ನು ಒತ್ತುವ ಪಿಡಿ-ಎಲ್1 ಎಂಬ ಪ್ರೋಟೀನು ಗಡ್ಡೆಯಲ್ಲಿ ಎಷ್ಟಿದೆ ಎಂದು ಹೇಳುವ ಅಂಕ 5 ಅಥವಾ ಅದಕ್ಕಿಂತ ಹೆಚ್ಚಿದ್ದ ರೋಗಿಗಳ ಬದುಕಿನ ಮಧ್ಯಮ ಅವಧಿ, ಅಂದರೆ ಅರ್ಧದಷ್ಟು ರೋಗಿಗಳು ದಾಟಿದ ಅವಧಿ, ಜೋಡಿ ಔಷಧದಲ್ಲಿ 11.2 ತಿಂಗಳು, ಕಿಮೋಥೆರಪಿಯಲ್ಲಿ 11.6 ತಿಂಗಳು, ಗುರಿ ಈಡೇರಲಿಲ್ಲ.

ಆದರೆ ಈ ಅಂಕಿಗಳನ್ನಷ್ಟೇ ನೋಡಿ ತೀರ್ಪು ಕೊಡುವುದು ಅವಸರವಾದೀತು. ಜೋಡಿ ಔಷಧದಿಂದ ಗಡ್ಡೆ ಕುಗ್ಗಿದವರು ಕಡಿಮೆ. ಕುಗ್ಗಿದವರಲ್ಲಿ ಮಾತ್ರ ಆ ಫಲ ಹೆಚ್ಚು ಕಾಲ ನಿಂತಿತು. ಟಿ-ಜೀವಕೋಶಗಳು ಸಜ್ಜಾಗಲು ಸಮಯ ಬೇಕು, ವೇಗವಾಗಿ ಬೆಳೆಯುವ ಜಠರದ ಗಡ್ಡೆ ಅಷ್ಟು ಕಾಯುವುದಿಲ್ಲ ಎಂದೇ ಇದನ್ನು ನಾನು ಅರ್ಥಮಾಡಿಕೊಳ್ಳುತ್ತೇನೆ. ಕಿಮೋಥೆರಪಿ ಗಡ್ಡೆಯನ್ನು ತಡೆದು ಆ ಸಮಯವನ್ನು ಒದಗಿಸಬಲ್ಲದು. ಅದರೊಡನೆ ನಿವೊಲುಮಾಬ್ ಪಡೆದವರಲ್ಲಿ, ಅದೇ ಪಿಡಿ-ಎಲ್1 ವರ್ಗದಲ್ಲಿ, ಮಧ್ಯಮ ಅವಧಿ, ಈ ಹೋಲಿಕೆಗೆ ಎಣಿಸಿದ ಕಿಮೋಥೆರಪಿ ಮಾತ್ರದ ರೋಗಿಗಳ 11.1ರಿಂದ 14.4 ತಿಂಗಳಿಗೆ ಏರಿತು. ಮೂರು ತಿಂಗಳೇನು ಮಹಾ ಎನ್ನುವವರಿರಬಹುದು. ಈ ರೋಗದಲ್ಲಿ ಅದು ಸಣ್ಣ ಗಳಿಕೆಯಲ್ಲ. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಚಿಕಿತ್ಸೆಗೆ ಒಪ್ಪಿಗೆ ನೀಡಿತು.

ಡಿಎನ್‌ಎ ದೋಷಗಳನ್ನು ತಿದ್ದುವ ವ್ಯವಸ್ಥೆಯೇ ಕೆಟ್ಟಿರುವ, ಎಂಎಸ್‌ಐ-ಹೈ ಎನ್ನುವ ವರ್ಗದ ಗಡ್ಡೆಗಳ ಮಾತು ಬೇರೆ. ಹರಡಿದ ರೋಗದಲ್ಲಿ ಇವು ವಿರಳ. ಈ ಪರೀಕ್ಷೆಯಲ್ಲಿಯೂ ಅಂತಹ ರೋಗಿಗಳು ಕೆಲವರೇ ಇದ್ದರು, ಆದರೆ ಅವರಲ್ಲಿ ಜೋಡಿ ಇಮ್ಯುನೊಥೆರಪಿ ಗಮನಾರ್ಹ ಫಲ ತೋರಿತು. ಆದ್ದರಿಂದ ಚಿಕಿತ್ಸೆ ಆರಂಭಿಸುವ ಮುನ್ನ ಬಯಾಪ್ಸಿಯ ತುಣುಕಿನಲ್ಲಿ, ಕೆಲವು ಗಡ್ಡೆಗಳ ಬೆಳವಣಿಗೆಯನ್ನು ಉತ್ತೇಜಿಸುವ ಪ್ರೋಟೀನಾದ ಎಚ್‌ಇಆರ್2 ಮತ್ತು ಪಿಡಿ-ಎಲ್1 ಜೊತೆಗೆ ಎಂಎಸ್‌ಐ ಪರೀಕ್ಷೆಯನ್ನೂ ಮಾಡಿಸಲಾಗಿದೆಯೇ ಎಂದು ರೋಗಿಯ ಮನೆಯವರು ವೈದ್ಯರನ್ನು ಕೇಳಬಹುದು.